ತಂಬಾಕು ಸೀಮೆಯ ಎರಡು ಹೈಸ್ಕೂಲುಗಳು

ಹುಣಸೂರು, ಪಿರಿಯಾಪಟ್ಟಣದ ಕಡೆಯ ಮಕ್ಕಳಿಗೆ ವರ್ಜೀನಿಯಾ ಎಂಬ ಹೆಸರು ಭೂಪಟ ನೋಡುವ ಮೊದಲೇ ಗೊತ್ತಿರುತ್ತದೆ. ನಮ್ಮ ಹೊಲದ ಹೊಗೆಸೊಪ್ಪಿನ ಹೆಸರೇ ಅದು. ಬ್ಯಾರನ್ ಉರಿಯುವ ದಿನಗಳಲ್ಲಿ ನಮ್ಮ ಶಾಲೆಯ ಹಾಜರಾತಿ ಎಷ್ಟಕ್ಕೆ ಇಳಿಯುತ್ತಿತ್ತು ಎಂಬುದು ಆಗಿನ ಮೇಷ್ಟ್ರುಗಳಿಗೆ ಚೆನ್ನಾಗಿ ನೆನಪಿರಬೇಕು. ಅದೇ ಹೆಸರಿನ ರಾಜ್ಯವೊಂದು ಅಮೆರಿಕದಲ್ಲಿದೆ, ಸೊಪ್ಪಿಗೆ ಹೆಸರು ಬಂದದ್ದೇ ಅಲ್ಲಿಂದ ಎಂದು ನನಗೆ ತಿಳಿದದ್ದು ಒಂಬತ್ತನೇ ತರಗತಿಯ ಸಮಾಜ ಪಾಠದಲ್ಲಿ. ಮುಂದೆ ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಕಂಪನಿಯವರು ಪ್ರಾಜೆಕ್ಟಿನ ಮೇಲೆ ಎರಡು ವರ್ಷ ಆ ರಾಜ್ಯದ ರಾಜಧಾನಿ ರಿಚ್ಮಂಡಿಗೇ ಕಳಿಸಿದರು.

ರಿಚ್ಮಂಡಿನಿಂದ ನೈಋತ್ಯಕ್ಕೆ ಸುಮಾರು 100 ಕಿ.ಮೀ. ಹೋದರೆ ಫಾರ್ಮ್‌ವಿಲ್ ಎಂಬ ಊರು ಸಿಗುತ್ತದೆ. ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಕೇಂದ್ರ ಅದು, ಹಿಂದೆ ತಂಬಾಕಿನ ಮಾರುಕಟ್ಟೆ. ಕೌಂಟಿ ಎಂದರೆ ನಮ್ಮ ತಾಲ್ಲೂಕಿನಂತೆ ಎಂದುಕೊಳ್ಳಿ. ಒಂದು ಭಾನುವಾರ ಬಿಟ್ಟು ಶನಿವಾರ ಹೋಗಿದ್ದರಿಂದ ಅಲ್ಲಿನ ಹಳೆಯ ಹೈಸ್ಕೂಲೊಂದನ್ನು ಒಳಗಿನಿಂದ ನೋಡಲು ಸಾಧ್ಯವಾಯಿತು. ಈಗ ಅದು ವಸ್ತುಸಂಗ್ರಹಾಲಯ. ನಮ್ಮ ಶಾಲೆಯ ಐವತ್ತು ವರ್ಷದ ಸಂಚಿಕೆಗೆ ಬೇರೊಂದು ಶಾಲೆಯ ಕಥೆ ಯಾಕೆ ಎಂದು ಕೇಳಬಹುದು. ಓದಿ ನೋಡಿ.

1951ರಲ್ಲಿ ಆ ಊರಿನಲ್ಲಿ ಎರಡು ಸರ್ಕಾರಿ ಹೈಸ್ಕೂಲುಗಳಿದ್ದವು. ಬಿಳಿಯರ ಮಕ್ಕಳಿಗೆ ಫಾರ್ಮ್‌ವಿಲ್ ಹೈಸ್ಕೂಲು, ಕಪ್ಪು ಮಕ್ಕಳಿಗೆ ರಾಬರ್ಟ್ ಮೋಟನ್ ಹೈಸ್ಕೂಲು. ಬೇರೆ ಬೇರೆ ಇರಲಿ, ಆದರೆ ಸಮಾನವಾಗಿರಲಿ ಎಂಬುದು 1896ರಿಂದ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಿದ್ದ ನಿಯಮ. ಬೇರೆ ಇಡುವ ಭಾಗವನ್ನು ಕಟ್ಟುನಿಟ್ಟಾಗಿ ಪಾಲಿಸಿದರು. ಸಮಾನತೆಯ ಭಾಗ ಹೇಗಿತ್ತು ನೋಡಿ. ಬಿಳಿಯರ ಶಾಲೆಯಲ್ಲಿ ವ್ಯಾಯಾಮಶಾಲೆ, ಊಟದ ಕೋಣೆ, ಮಕ್ಕಳಿಗೆ ಹುಷಾರಿಲ್ಲದಿದ್ದರೆ ಮಲಗಿಸುವ ಕೋಣೆ ಎಲ್ಲವೂ ಇದ್ದವು. ಮೋಟನ್ ಶಾಲೆಯಲ್ಲಿ ಇವು ಯಾವುವೂ ಇರಲಿಲ್ಲ. 1939ರಲ್ಲಿ 180 ಮಕ್ಕಳಿಗೆಂದು ಕಟ್ಟಿದ ಶಾಲೆಯದು. ಹನ್ನೆರಡು ವರ್ಷದಲ್ಲಿ ಮಕ್ಕಳ ಸಂಖ್ಯೆ 450 ದಾಟಿತ್ತು. ಒಂದೇ ಸಭಾಂಗಣದಲ್ಲಿ ಏಕಕಾಲಕ್ಕೆ ಬೇರೆ ಬೇರೆ ತರಗತಿಗಳು ನಡೆಯುತ್ತಿದ್ದವು. ಹೊಸ ಕಟ್ಟಡ ಕೇಳಿದಾಗ ಶಾಲಾ ಮಂಡಳಿ ಅಂಗಳದಲ್ಲಿ ಮರದ ಚೌಕಟ್ಟಿಗೆ ಟಾರು ಕಾಗದ ಹೊದಿಸಿ ಶೆಡ್ಡುಗಳನ್ನು ಹಾಕಿಸಿಕೊಟ್ಟಿತು. ಮಳೆ ಬಂದರೆ ಸೋರುತ್ತಿದ್ದವು. ಚಳಿಗಾಲದಲ್ಲಿ ಒಲೆಯ ಪಕ್ಕ ಕೂತವರಿಗೆ ಬೆವರು, ದೂರ ಕೂತವರು ಕೋಟು ಬಿಚ್ಚುವಂತಿರಲಿಲ್ಲ. ಊರಿನವರು ಅವಕ್ಕೆ ಕೋಳಿಗೂಡು ಎನ್ನುತ್ತಿದ್ದರಂತೆ. ಮಕ್ಕಳನ್ನು ಕರೆತರುವ ಬಸ್ಸುಗಳೂ ಬಿಳಿಯರ ಶಾಲೆ ಬಳಸಿ ಬಿಟ್ಟಂಥವು.

ಪೋಷಕರು ಮನವಿ ಕೊಟ್ಟು ಕೊಟ್ಟು ಸೋತಿದ್ದರು. ಮುಂದೆ ಬಂದದ್ದು ಹದಿನಾರು ವರ್ಷದ ಬಾರ್ಬರಾ ಜಾನ್ಸ್ ಎಂಬ ವಿದ್ಯಾರ್ಥಿನಿ. 1951ರ ಏಪ್ರಿಲ್ 23ರಂದು ಸುಳ್ಳು ಫೋನ್ ಕರೆಯೊಂದರಿಂದ ಮುಖ್ಯೋಪಾಧ್ಯಾಯರನ್ನು ಶಾಲೆಯಿಂದ ಹೊರಗೆ ಕಳಿಸಿ, ಎಲ್ಲ ಮಕ್ಕಳನ್ನು ಸಭಾಂಗಣಕ್ಕೆ ಕರೆಸಿದರು. ಪರದೆ ಸರಿದಾಗ ವೇದಿಕೆಯ ಮೇಲೆ ಇದ್ದವರು ಮೇಷ್ಟ್ರುಗಳಲ್ಲ, ವಿದ್ಯಾರ್ಥಿಗಳು. ಅವತ್ತೇ ಮುಷ್ಕರ ಶುರುವಾಯಿತು, ಎರಡು ವಾರ ನಡೆಯಿತು. (ನಮ್ಮ ಶಾಲೆಯ ಈಗಿನ ಮಕ್ಕಳು ಫೋನ್ ಕರೆಯ ಭಾಗವನ್ನು ಅನುಸರಿಸಬಾರದಾಗಿ ವಿನಂತಿ.)

ಮಕ್ಕಳು ಕೇಳಿದ್ದು ಒಳ್ಳೆಯ ಕಟ್ಟಡ, ಅಷ್ಟೇ. ಸಹಾಯಕ್ಕೆ ಬಂದ ವಕೀಲರು ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್. ಅವರು ಒಂದು ಷರತ್ತು ಹಾಕಿದರು: ಕಟ್ಟಡಕ್ಕಾಗಿ ದಾವೆ ಹೂಡುವುದಿಲ್ಲ, ಬಿಳಿಯರ ಮಕ್ಕಳ ಜೊತೆ ಒಂದೇ ಶಾಲೆಯಲ್ಲಿ ಓದುವ ಹಕ್ಕು ಕೇಳುವುದಾದರೆ ಬರುತ್ತೇವೆ. ನನಗೆ ಈ ಇಡೀ ಕಥೆಯಲ್ಲಿ ಅತಿ ದೊಡ್ಡ ತಿರುವು ಇದೇ ಎನಿಸುತ್ತದೆ. ಎರಡು ಶಾಲೆಗಳನ್ನು ಹೋಲಿಸುವಾಗ ನಾವು ಕೋಣೆ, ಬೆಂಚು, ಶೌಚಾಲಯ ಎಣಿಸುತ್ತೇವೆ. ಎಣಿಸಲೇಬೇಕು. ಆದರೆ ಎಣಿಕೆ ಸರಿಹೋದ ಮೇಲೂ ಒಂದು ಮಗು ಯಾಕೆ ಆ ಬಾಗಿಲಿನಿಂದಲೇ ಒಳಗೆ ಹೋಗಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಪಟ್ಟಿಯಲ್ಲಿ ಅದಕ್ಕೆ ಕಾಲಮ್ಮೇ ಇರುವುದಿಲ್ಲ. ಕೌಂಟಿಯೂ ಬೇಗ ಎಚ್ಚೆತ್ತಿತು. 1953ರಲ್ಲಿ ಕಪ್ಪು ಮಕ್ಕಳಿಗೆ ಹೊಸ ಮೋಟನ್ ಹೈಸ್ಕೂಲು ಎದ್ದು ನಿಂತಿತು. ಅದೇ ಕಟ್ಟಡ ಐದು ವರ್ಷ ಮೊದಲೇ ಬಂದಿದ್ದರೆ ಮುಷ್ಕರವೇ ಆಗುತ್ತಿರಲಿಲ್ಲವೇನೋ.

117 ವಿದ್ಯಾರ್ಥಿಗಳ ಹೆಸರಿನಲ್ಲಿ ದಾಖಲಾದ ದಾವೆ ಕೆಳಗೆ ಸೋತು ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಬೇರೆ ಕಡೆಯ ನಾಲ್ಕು ಪ್ರಕರಣಗಳ ಜೊತೆ ಸೇರಿತು. 1954ರ ಮೇ 17ರ ಬ್ರೌನ್ ತೀರ್ಪು ಪ್ರಸಿದ್ಧವಾದದ್ದೇ: ಸರ್ಕಾರಿ ಶಾಲೆಗಳಲ್ಲಿ ವರ್ಣಭೇದ ಸಂವಿಧಾನಬಾಹಿರ. ಆ ಐದು ಪ್ರಕರಣಗಳಲ್ಲಿ ವಿದ್ಯಾರ್ಥಿಗಳ ಮುಷ್ಕರದಿಂದ ಹುಟ್ಟಿದ್ದು ಇದೊಂದೇ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಫಾರ್ಮ್‌ವಿಲ್ಲಿನ ಮಕ್ಕಳಿಗೆ ನಿಜವಾದ ಕಷ್ಟ ಬಂದದ್ದು ಆಮೇಲೆ. ಅದು ಅರ್ಥವಾಗಬೇಕಾದರೆ ಒಂದು ವ್ಯತ್ಯಾಸ ತಿಳಿದಿರಬೇಕು. ನಮ್ಮ ಸರ್ಕಾರಿ ಹೈಸ್ಕೂಲಿನ ಮೇಷ್ಟ್ರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ. ಊರಿನವರು ಮುನಿಸಿಕೊಂಡರೂ ಅದು ನಿಲ್ಲುವುದಿಲ್ಲ. ಅಲ್ಲಿ ಹಾಗಲ್ಲ. ಶಾಲೆಯ ಖರ್ಚಿನ ದೊಡ್ಡ ಪಾಲು ಕೌಂಟಿಯೇ ಆಸ್ತಿ ತೆರಿಗೆ ಎತ್ತಿ ಕೊಡಬೇಕು. 1959ರಲ್ಲಿ, ಇನ್ನು ತಡಮಾಡದೆ ಮಕ್ಕಳನ್ನು ಒಟ್ಟಿಗೆ ಸೇರಿಸಿ ಎಂದು ನ್ಯಾಯಾಲಯ ಆದೇಶಿಸಿದಾಗ, ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಆಡಳಿತ ಮಂಡಳಿ ಶಾಲೆಗಳಿಗೆ ದುಡ್ಡೇ ಇಡಲಿಲ್ಲ. ಯಾರನ್ನೂ ಹೊಡೆಯಲಿಲ್ಲ, ಬೈಯಲಿಲ್ಲ. ಬಜೆಟ್ಟಿನಲ್ಲಿ ಒಂದು ಸಾಲು ಬಿಟ್ಟರು. ಕೌಂಟಿಯ ಎಲ್ಲ ಸರ್ಕಾರಿ ಶಾಲೆಗಳಿಗೆ ಬೀಗ ಬಿತ್ತು.

ಬಿಳಿಯರ ಮಕ್ಕಳಿಗೆ ಆ ವರ್ಷವೇ ಖಾಸಗಿ ಶಾಲೆ ತೆರೆಯಿತು. ಮೊದಲು ಚರ್ಚುಗಳಲ್ಲಿ ಪಾಠ, ಆಮೇಲೆ ಸ್ವಂತ ಕಟ್ಟಡ. ಸ್ವಲ್ಪ ಕಾಲ ಅದರ ಶುಲ್ಕಕ್ಕೆ ಸರ್ಕಾರದ ಅನುದಾನವೂ ಸಿಕ್ಕಿತು. ಸುಮಾರು 1,700 ಕಪ್ಪು ಮಕ್ಕಳಿಗೆ ಏನೂ ಉಳಿಯಲಿಲ್ಲ. ಶುಲ್ಕ ಕಟ್ಟಲಾಗದ ಕೆಲವು ಬಡ ಬಿಳಿಯರ ಮಕ್ಕಳೂ ಮನೆಯಲ್ಲೇ ಉಳಿದರು. ಅವರನ್ನು ಯಾರೂ ಹೆಚ್ಚಾಗಿ ನೆನೆಯುವುದಿಲ್ಲ. ನೆಂಟರಿದ್ದವರು ಪಕ್ಕದ ಕೌಂಟಿಗೆ, ಪಕ್ಕದ ರಾಜ್ಯಕ್ಕೆ ಹೋದರು. ಕೆಲವರನ್ನು ಕ್ವೇಕರ್ ಪಂಥದವರು ದೂರದ ಊರುಗಳ ಮನೆಗಳಲ್ಲಿಟ್ಟು ಓದಿಸಿದರು. ಚರ್ಚಿನ ನೆಲಮಾಳಿಗೆಗಳಲ್ಲಿ ಅಕ್ಷರ ಕಲಿಸುವ ಕೇಂದ್ರಗಳು ನಡೆದವು. ಉಳಿದವರು ಹೊಲಕ್ಕೆ ಹೋದರು. ತಂಬಾಕು ಸೀಮೆಯಲ್ಲಿ ಶಾಲೆ ಬಿಟ್ಟ ಮಗುವಿಗೆ ಕೆಲಸಕ್ಕೇನೂ ಬರವಿಲ್ಲ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೀಗೆ ಐದು ವರ್ಷ. ಕೊನೆಯ ವರ್ಷ ಮಾತ್ರ, ಕೆನಡಿ ಸರ್ಕಾರದ ಒತ್ತಾಸೆಯಿಂದ, ದೇಣಿಗೆ ಹಣದಲ್ಲಿ ಉಚಿತ ಶಾಲೆಗಳು ನಡೆದವು. 1964ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಗ್ರಿಫಿನ್ ಪ್ರಕರಣದಲ್ಲಿ ಕೌಂಟಿ ಮಾಡಿದ್ದು ತಪ್ಪೆಂದು ಹೇಳಿತು. ಸೆಪ್ಟೆಂಬರಿನಲ್ಲಿ ಸರ್ಕಾರಿ ಶಾಲೆಗಳು ತೆರೆದವು. ಬಿಳಿಯರ ಮಕ್ಕಳಲ್ಲಿ ಹೆಚ್ಚಿನವರು ಖಾಸಗಿ ಶಾಲೆಯಲ್ಲೇ ಉಳಿದರು. ಕಾನೂನು ಗೆದ್ದಿತ್ತು, ತರಗತಿಗಳು ಹೆಚ್ಚುಕಡಿಮೆ ಬೇರೆ ಬೇರೆಯಾಗಿಯೇ ಇದ್ದವು.

ಈ ಭಾಗ ಓದುತ್ತಾ ನಿಂತಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮೂರಿನ ಬೆಳಗಿನ ಎಂಟು ಗಂಟೆ. ಖಾಸಗಿ ಶಾಲೆಯ ಹಳದಿ ವ್ಯಾನು ಬರುತ್ತದೆ, ಅನುಕೂಲ ಇರುವವರ ಮಕ್ಕಳು ಹತ್ತುತ್ತಾರೆ. ಉಳಿದವರು ನಮ್ಮ ಶಾಲೆಗೆ ನಡೆದು ಬರುತ್ತಾರೆ. ಇಲ್ಲಿ ಯಾರೂ ಯಾರನ್ನೂ ತಡೆದಿಲ್ಲ, ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಆದರೂ ನಾನು ಓದುವಾಗ ಹತ್ತು ಎಕರೆ ಇದ್ದವರ ಮಗನೂ ಅವರ ಹೊಲದ ಕೂಲಿಯವರ ಮಗಳೂ ಒಂದೇ ಕೋಣೆಯಲ್ಲಿ ಒಬ್ಬರೇ ಮೇಷ್ಟ್ರಿಂದ ಬೈಸಿಕೊಳ್ಳುತ್ತಿದ್ದರು. ಶಾಲೆಯ ಹಂಚು ಒಡೆದರೆ ಎಕರೆ ಇದ್ದವರೂ ಬಂದು ಕೇಳುತ್ತಿದ್ದರು. ಈಗ ಕೇಳಲು ಬರುವವರ ಸಂಖ್ಯೆ ಕಡಿಮೆಯಾಗಿದೆ.

ಬಾರ್ಬರಾ ಜಾನ್ಸ್ ಮುಷ್ಕರದ ನಂತರ ಆ ಊರಿನಲ್ಲಿ ಓದು ಮುಗಿಸಲಿಲ್ಲ. ಮಗಳ ಪ್ರಾಣಕ್ಕೆ ಹೆದರಿ ಮನೆಯವರು ದೂರದಲ್ಲಿದ್ದ ತಂದೆಯ ಸೋದರನ ಊರಿಗೆ ಕಳಿಸಿದರು. ಮುಂದೆ ಗ್ರಂಥಪಾಲಕಿಯಾಗಿದ್ದು 1991ರಲ್ಲಿ ತೀರಿಕೊಂಡರು. 2020ರಲ್ಲಿ ವಾಷಿಂಗ್ಟನ್ನಿನ ಸಂಸತ್ ಭವನದಿಂದ ಜನರಲ್ ಲೀ ಪ್ರತಿಮೆಯನ್ನು ತೆಗೆದಾಗ, ಅದರ ಬದಲಿಗೆ ವರ್ಜೀನಿಯಾ ಆರಿಸಿದ್ದು ಇವರನ್ನು.

ಶಾಲೆ ತಪ್ಪಿದವರಿಗಾಗಿ ರಾಜ್ಯ 2004ರಲ್ಲಿ ಒಂದು ವಿದ್ಯಾರ್ಥಿವೇತನ ನಿಧಿ ತೆರೆಯಿತು. ಅರ್ಜಿ ಹಾಕುವ ಹೊತ್ತಿಗೆ ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಐವತ್ತು ದಾಟಿತ್ತು. ಕೆಲವರು ಕೈಬಿಟ್ಟ ಹೈಸ್ಕೂಲನ್ನು ಮುಗಿಸಿಕೊಂಡರು, ಕೆಲವರು ಮೊಮ್ಮಕ್ಕಳ ವಯಸ್ಸಿನವರ ಜೊತೆ ಕಾಲೇಜಿಗೆ ಸೇರಿದರು.