ಗಂಡುರೂಪವಿಲ್ಲದ ಮಾತು

ಲಿಂಗ ಬದಲಿಸಿ ಎಂದರೆ ಮಕ್ಕಳು ಅರಸನಿಗೆ ಅರಸಿ, ಒಡೆಯನಿಗೆ ಒಡತಿ ಎಂದು ಸಾಲಾಗಿ ಹೇಳಿಬಿಡುತ್ತಾರೆ. ಬಂಜೆ ಎಂಬ ಮಾತಿಗೆ ಮಾತ್ರ ನಮ್ಮ ಆಡುನುಡಿಯಲ್ಲಿ ಗಂಡುರೂಪವೇ ಇಲ್ಲ. ಷಂಡ ಎನ್ನುವುದು ಬೇರೆ ದೋಷದ ಹೆಸರು. ಮಕ್ಕಳಾಗದ ಗಂಡಸಿಗೂ ಒಂದು ಶಬ್ದ ಬೇಕೆಂದು ಯಾರಿಗೂ ತೋರಲಿಲ್ಲ.

ಹಾಗಾಗಿ ಅಶ್ವತ್ಥಕಟ್ಟೆ ಸುತ್ತಿದವಳೂ ಹೆಂಗಸೇ, ನಾಗಪ್ರತಿಷ್ಠೆಗೆ ಉಪವಾಸವಿದ್ದವಳೂ ಹೆಂಗಸೇ. ಕೊನೆಗೆ ಸವತಿಗೆ ಆರತಿ ಎತ್ತಿದವಳೂ ಅವಳೇ. ಧಾರವಾಡ, ಬೆಳಗಾವಿ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಹಿಂದೂಗಳ ದ್ವಿಪತ್ನಿತ್ವಕ್ಕೆ 1946ರಲ್ಲೇ ತಡೆ ಬಿತ್ತು. ಆಮೇಲೆ 1955ರ ಹಿಂದೂ ವಿವಾಹ ಕಾಯ್ದೆ ಬಂತು. ಅದಕ್ಕೆ ಮುಂಚೆ, ಎರಡನೆಯವಳಿಗೂ ಮಕ್ಕಳಾಗದಿದ್ದರೆ ಅವಳ ಜಾತಕವನ್ನೇ ತೆಗೆದು ನೋಡುತ್ತಿದ್ದರು!

ಗಂಡಸಿನ ಬೀಜಾಣು ಕಣ್ಣಿಗೆ ಬಿದ್ದು ಬಹಳ ಕಾಲವಾಯಿತು. 1677ರಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್, ತಾನೇ ಮಾಡಿದ ಸೂಕ್ಷ್ಮದರ್ಶಕದಲ್ಲಿ ವೀರ್ಯವನ್ನು ನೋಡಿ, ಬಾಲವಾಡಿಸುವ ಜೀವಿಗಳಿವೆಯೆಂದು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಇದು ಪಾಪದಿಂದ ಬಂದದ್ದಲ್ಲ, ದಾಂಪತ್ಯದಲ್ಲಿ ಸಿಕ್ಕಿದ್ದು ಎಂದೂ ಸೇರಿಸಿದ, ಪಾಪ. ಆದರೂ ಮಕ್ಕಳಿಲ್ಲದ ಮನೆಯಲ್ಲಿ ಗಂಡನನ್ನೂ ಪರೀಕ್ಷಿಸುವ ವಾಡಿಕೆ ಬರಲು ಇನ್ನೂರು ವರ್ಷಕ್ಕಿಂತ ಹೆಚ್ಚೇ ಹಿಡಿಯಿತು. 1913ರಲ್ಲಿ ನ್ಯೂಯಾರ್ಕಿನ ವೈದ್ಯ ಮ್ಯಾಕ್ಸ್ ಹೂನರ್ ಬರೆದ ಪುಸ್ತಕದ ಹೆಸರಿನಲ್ಲೇ ಗಂಡು, ಹೆಣ್ಣು ಇಬ್ಬರ ಬಂಜೆತನವೂ ಇತ್ತು. 1920ರ ಹೊತ್ತಿಗೆ ಅದೇ ಊರಿನ ರೂಬಿನ್, ಗರ್ಭಾಶಯದೊಳಗೆ ಅನಿಲ ಊದಿ ಅಂಡನಾಳ ಮುಚ್ಚಿದೆಯೇ ಎಂದು ತಿಳಿಯುವ ಉಪಾಯ ಕಂಡುಕೊಂಡ.

1978ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಳು. ಅವಳ ತಾಯಿಯ ಅಂಡನಾಳಗಳು ಮುಚ್ಚಿದ್ದವು. ಬೀಜಾಣು ತೀರ ಕಡಿಮೆಯಿರುವ ಗಂಡಸರಿಗೆ ದಾರಿ ತೆರೆದದ್ದು 1992ರಲ್ಲಿ, ಬ್ರಸೆಲ್ಸ್‌ನಲ್ಲಿ. ಒಂದೇ ಒಂದು ಬೀಜಾಣುವನ್ನು ಸೂಜಿಯಿಂದ ಅಂಡದೊಳಗೆ ಇಡುವ ವಿಧಾನ ಅದು. ನೋಡಿ, ದೋಷ ಗಂಡನದಾದರೂ ದಿನದಿನವೂ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಕಾದವಳು ಹೆಂಡತಿ. ಅಂಡ ತೆಗೆಯುವುದೂ ಅವಳ ಒಡಲಿನಿಂದಲೇ.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ದೋಷವೂ ಸೇರಿರುತ್ತದೆ ಎಂಬುದನ್ನು ಇಂದು ವೈದ್ಯರು ಒಪ್ಪುತ್ತಾರೆ. ಅವನ ಪರೀಕ್ಷೆಯೋ ಬಲು ಸುಲಭ. ಎರಡರಿಂದ ಏಳು ದಿನ ಸಂಯಮದಿಂದಿದ್ದು, ಒಂದು ಡಬ್ಬಿಯಲ್ಲಿ ವೀರ್ಯ ಕೊಟ್ಟರಾಯಿತು. ಸೂಜಿಯಿಲ್ಲ, ನೋವಿಲ್ಲ. ಈಚೆಗೆ ತಂಗಿಯ ಮಗಳ ಜೊತೆ ಆಸ್ಪತ್ರೆಗೆ ಹೋದಾಗ ಬೆಂಚಿನ ಮೇಲೆ ಅತ್ತೆಯ ಪಕ್ಕ ಒಬ್ಬಳು ಸೊಸೆ ಕೂತಿದ್ದಳು. ಅವಳ ಫೈಲಿನಲ್ಲಿ ಸ್ಕ್ಯಾನಿಂಗ್, ಥೈರಾಯ್ಡ್, ಎಲ್ಲ ಇತ್ತು. ಗಂಡನ ರಿಪೋರ್ಟ್ ಎಲ್ಲಮ್ಮಾ ಎಂದು ನರ್ಸ್ ಕೇಳಿದಳು. ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ, "ನಮ್ಮ ಹುಡುಗನಿಗೆ ಏನೂ ಆಗಿಲ್ಲ ತಾಯಿ" ಎಂದರು.