ಹತ್ತಡಿಯ ಬುಟ್ಟಿ

ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಬೆಳಗಿನ ಜಾವ ಎದ್ದು ಕುಳಿತು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಪಂದ್ಯಗಳನ್ನು ನೋಡುತ್ತಾನೆಂದರೆ ಕೇಳಿದವರಿಗೆ ನಗು ಬರುವುದು ಸಹಜ. ಆದರೆ ಇದು ನಿನ್ನೆ ಮೊನ್ನೆ ಹತ್ತಿದ ಚಟವಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಕಾಲೇಜಿನ ಮಣ್ಣಿನ ಅಂಕಣದಲ್ಲಿ ನಾನೂ ಚೆಂಡು ಹಿಡಿದವನು. ಎತ್ತರ ಸಾಲದೆಂದು ತಂಡದ ಹೊರಗೆ ಉಳಿದವನು. ತೊಂಬತ್ತರ ದಶಕದಲ್ಲಿ ಕೇಬಲ್ ಟೆಲಿವಿಷನ್ ಮನೆಗೆ ಬಂದಾಗ, ಅಲ್ಲಿಯ ರಾತ್ರಿಯ ಆಟ ಇಲ್ಲಿಯ ಮೊದಲ ಕಾಫಿಯ ಹೊತ್ತಿಗೆ ಸರಿಯಾಗಿ ಹೊಂದಿಕೊಂಡಿತು. ಅಂದಿನಿಂದ ಮೂರು ದಶಕಗಳ ಆಟವನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೆ ಹಿಂದಿನದನ್ನು ಓದಿ ತಿಳಿದಿದ್ದೇನೆ.

ನನ್ನ ವಯಸ್ಸಿನ ಅಭಿಮಾನಿಗಳು ಇಬ್ಬರು ಸೇರಿದರೆ ಒಂದು ಮಾತು ತಪ್ಪದೆ ಬರುತ್ತದೆ: ‘ಆಟ ಕೆಟ್ಟಿತು.’ ಎಲ್ಲರೂ ದೂರದಿಂದಲೇ ಎಸೆಯುತ್ತಾರೆ, ಹಣ ಹೆಚ್ಚಾಯಿತು, ತಂಡದ ಮೇಲಿನ ನಿಷ್ಠೆ ಹೋಯಿತು – ಹೀಗೆ. ಈ ಮಾತನ್ನು ನಾನೂ ಆಡಿದ್ದೇನೆ. ಅದರಲ್ಲಿ ನಿಜವೆಷ್ಟು, ವಯಸ್ಸಿನ ಗೊಣಗಾಟವೆಷ್ಟು ಎಂಬುದನ್ನು ಇತಿಹಾಸದ ಸಾಕ್ಷಿಯಿಂದ ವಿಚಾರಿಸಿ ನೋಡಬೇಕೆಂಬುದು ನನ್ನ ಇಂದಿನ ಉದ್ದೇಶ.

ಆಟದ ಹುಟ್ಟು ಬಹುಮಂದಿಗೆ ತಿಳಿದದ್ದೆ. 1891ರ ಡಿಸೆಂಬರಿನಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ, ಹಿಮಗಾಲದ ಬೇಸರದಿಂದ ಪುಂಡಾಟಕ್ಕಿಳಿದಿದ್ದ ಹದಿನೆಂಟು ವಿದ್ಯಾರ್ಥಿಗಳನ್ನು ಹದ್ದಿನಲ್ಲಿಡಲು ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಹದಿಮೂರು ನಿಯಮಗಳ ಒಂದು ಹೊಸ ಆಟವನ್ನು ಕಟ್ಟಿದರು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ವ್ಯಾಯಾಮಶಾಲೆಯ ಮೇಲಟ್ಟದ ಕಟಕಟೆಗೆ ಬಡಿದರು. ಆ ಕಟಕಟೆ ನೆಲದಿಂದ ಹತ್ತಡಿ ಎತ್ತರದಲ್ಲಿತ್ತು. ಆಕಸ್ಮಿಕವಾಗಿ ಒದಗಿದ ಅಳತೆ ಅದು. ಇಂದಿಗೂ ವೃತ್ತಿಪರ ಆಟದಲ್ಲಿ ಬುಟ್ಟಿಯ ಎತ್ತರ ಹತ್ತಡಿಯೆ. ಮಿಕ್ಕ ಬಹುಪಾಲು ಬದಲಾಗಿದೆ.

ಬದಲಾವಣೆಯ ಕಥೆಗೆ ತೊಡಗಬೇಕಾದರೆ 1950ರ ನವೆಂಬರ್ 22ರ ರಾತ್ರಿಗೆ ಹೋಗಬೇಕು. ಇಂದು ಎನ್.ಬಿ.ಎ. ಎಂದು ಹೆಸರಾದ ಸಂಘ 1946ರಲ್ಲಿ ಬೇರೊಂದು ಹೆಸರಿನಿಂದ ಹುಟ್ಟಿ, 1949ರಲ್ಲಿ ಪ್ರತಿಸ್ಪರ್ಧಿ ಸಂಘವೊಂದನ್ನು ಕೂಡಿಕೊಂಡು ಈ ಹೆಸರು ಪಡೆದಿತ್ತು. ಅದರ ದೊಡ್ಡ ಆಕರ್ಷಣೆ ಮಿನಿಯಾಪೊಲಿಸ್ ಲೇಕರ್ಸ್ ತಂಡದ ಜಾರ್ಜ್ ಮೈಕನ್. ಆರಡಿ ಹತ್ತಂಗುಲದ, ಕನ್ನಡಕ ಧರಿಸಿ ಆಡುತ್ತಿದ್ದ ಭೀಮಕಾಯ. ಅವನನ್ನು ತಡೆಯುವ ದಾರಿ ಕಾಣದೆ ಫೋರ್ಟ್ ವೇನ್ ಪಿಸ್ಟನ್ಸ್ ತಂಡದವರು ಆ ರಾತ್ರಿ ಒಂದು ಸುಲಭ ಉಪಾಯ ಹೂಡಿದರು. ಚೆಂಡನ್ನು ಎಸೆಯದೆ ತಮ್ಮಲ್ಲೇ ಇಟ್ಟುಕೊಂಡರು! ಹಾಗೆ ಮಾಡಬಾರದೆಂಬ ನಿಯಮ ಎಲ್ಲಿಯೂ ಇರಲಿಲ್ಲ. ನಲವತ್ತೆಂಟು ನಿಮಿಷಗಳ ಆಟ ಮುಗಿದಾಗ ಫೋರ್ಟ್ ವೇನ್ 19, ಮಿನಿಯಾಪೊಲಿಸ್ 18. ಸೋತ ತಂಡದ ಹದಿನೆಂಟರಲ್ಲಿ ಹದಿನೈದು ಅಂಕ ಮೈಕನ್ ಒಬ್ಬನದೆ. ದುಡ್ಡು ಕೊಟ್ಟು ಬಂದ ಜನ ಕೂಗಿ ಛೀಮಾರಿ ಹಾಕಿದರು. ಹಳೆಯ ಕಾಲದ ಆಟವೆಲ್ಲ ಚಿನ್ನ ಎನ್ನುವವರಿಗೆ ನಾನು ಮೊದಲು ನೆನಪಿಸುವುದು ಈ ರಾತ್ರಿಯನ್ನು.

ಈ ರೋಗಕ್ಕೆ ಮದ್ದು ಕಂಡವನು ಡ್ಯಾನಿ ಬಯಸೋನ್, ಸಿರಕ್ಯೂಸ್ ತಂಡದ ಒಡೆಯ. ಬಾಲ್ಯದಲ್ಲಿ ಇಟಲಿಯಿಂದ ವಲಸೆ ಬಂದು, ಬೌಲಿಂಗ್ ಆಟದ ಅಂಗಡಿ ಇಟ್ಟುಕೊಂಡಿದ್ದವನು. ಅವನ ಲೆಕ್ಕ ಕಿರಾಣಿ ಅಂಗಡಿಯ ಲೆಕ್ಕದಷ್ಟು ಸರಳ. ಜನ ಮೆಚ್ಚಿದ ಆಟಗಳಲ್ಲಿ ಎರಡೂ ತಂಡ ಸೇರಿ ಸುಮಾರು 120 ಸಲ ಬುಟ್ಟಿಗೆ ಎಸೆದಿರುತ್ತವೆ. ಆಟದ ಅವಧಿ 2,880 ಸೆಕೆಂಡು. ಭಾಗಿಸಿದರೆ 24. ಚೆಂಡು ಕೈಗೆ ಬಂದ ಇಪ್ಪತ್ತನಾಲ್ಕು ಸೆಕೆಂಡಿನೊಳಗೆ ಎಸೆಯಲೇಬೇಕು ಎಂಬ ನಿಯಮ 1954ರಲ್ಲಿ ಬಂತು. ಹಿಂದಿನ ವರ್ಷ ಒಂದು ತಂಡ ಒಂದು ಪಂದ್ಯದಲ್ಲಿ ಗಳಿಸುತ್ತಿದ್ದ ಸರಾಸರಿ 79.5 ಅಂಕ ಒಂದೇ ವರ್ಷದಲ್ಲಿ 93.1ಕ್ಕೆ ಏರಿತು. ಗಡಿಯಾರವೊಂದು ಸಾಯುತ್ತಿದ್ದ ಆಟವನ್ನು ಉಳಿಸಿತು. ಆ ವರ್ಷ ಪ್ರಶಸ್ತಿ ಗೆದ್ದದ್ದು ಬಯಸೋನನ ಸಿರಕ್ಯೂಸ್ ತಂಡವೇ ಎಂಬುದು ಇತಿಹಾಸದ ಒಂದು ಸಣ್ಣ ನ್ಯಾಯ.

ಇನ್ನೊಂದು ಸಮಸ್ಯೆ ಎತ್ತರದ್ದು. ಬುಟ್ಟಿ ಹತ್ತಡಿಯಲ್ಲಿ ನಿಂತಿರುವಾಗ ಎತ್ತರದವನು ಅದರ ಬುಡದಲ್ಲೇ ಬೀಡುಬಿಡುವುದು ಸಹಜ. ಹಾಗೆ ಬೀಡುಬಿಡದಂತೆ ಬುಟ್ಟಿಯ ಮುಂದೆ ಒಂದು ಓಣಿಯನ್ನು ಗುರುತಿಸಿ, ಚೆಂಡುಳ್ಳ ತಂಡದವರು ಅದರೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಕೂಡದೆಂದು ವಿಧಿಸಿದ್ದರು. ಮೈಕನ್ನನ ದೆಸೆಯಿಂದ 1951ರಲ್ಲಿ ಆ ಓಣಿ ಆರಡಿಯಿಂದ ಹನ್ನೆರಡಡಿಗೆ ಅಗಲವಾಯಿತು. ವಿಲ್ಟ್ ಚೇಂಬರ್ಲಿನ್ನನ ದೆಸೆಯಿಂದ 1964ರಲ್ಲಿ ಹದಿನಾರಡಿಗೆ. ಏಳಡಿ ಮೀರಿದ ಈ ಚೇಂಬರ್ಲಿನ್ 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯದ ಹರ್ಷಿ ಎಂಬ ಊರಿನಲ್ಲಿ ಒಂದೇ ಪಂದ್ಯದಲ್ಲಿ ನೂರು ಅಂಕ ಗಳಿಸಿದ. ನೋಡಿದವರು ನಾಲ್ಕು ಸಾವಿರ ಚಿಲ್ಲರೆ ಮಂದಿ. ಟೆಲಿವಿಷನ್ನಿನವರು ಅತ್ತ ಸುಳಿದಿರಲಿಲ್ಲ.

ಆದರೆ ನಿಯಮಗಳಿಗಿಂತ ದೊಡ್ಡ ಬದಲಾವಣೆಯೊಂದು ಈ ಕಾಲದಲ್ಲೇ ಆಯಿತು. ಕರಿಯ ಆಟಗಾರನೊಬ್ಬ ಎನ್.ಬಿ.ಎ. ಪಂದ್ಯದಲ್ಲಿ ಮೊದಲ ಬಾರಿಗೆ ಅಂಕಣಕ್ಕೆ ಇಳಿದದ್ದು 1950ರ ಅಕ್ಟೋಬರ್ 31ರಂದು. ಅವನು ಅರ್ಲ್ ಲಾಯ್ಡ್. ಬಾಸ್ಟನ್ ಸೆಲ್ಟಿಕ್ಸ್ ತಂಡದ ಬಿಲ್ ರಸೆಲ್ ಹದಿಮೂರು ವರ್ಷಗಳಲ್ಲಿ ಹನ್ನೊಂದು ಪ್ರಶಸ್ತಿ ಗೆದ್ದುಕೊಟ್ಟವನು. ಅಂಥವನಿಗೂ ಅವನ ಕರಿಯ ಜೊತೆಗಾರರಿಗೂ 1961ರಲ್ಲಿ ಕೆಂಟಕಿಯ ಲೆಕ್ಸಿಂಗ್‌ಟನ್ನಿನಲ್ಲಿ ಹೋಟೆಲಿನವರು ಊಟ ಬಡಿಸಲು ಒಪ್ಪಲಿಲ್ಲ. ಅವರು ಅಂದಿನ ಪ್ರದರ್ಶನ ಪಂದ್ಯವನ್ನು ಆಡದೆ ಊರು ಬಿಟ್ಟರು. ಪಂಕ್ತಿಭೇದವೆಂದರೇನೆಂದು ಬಲ್ಲ ನಮ್ಮ ನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

‘ನಿಷ್ಠೆ ಹೋಯಿತು’ ಎಂಬ ದೂರನ್ನೂ ಇಲ್ಲಿಯೇ ಪರಿಶೀಲಿಸಬಹುದು. ಹಿಂದಿನ ಆಟಗಾರರು ಒಂದೇ ತಂಡದಲ್ಲಿ ಬಾಳು ಕಳೆಯುತ್ತಿದ್ದರು, ನಿಜ. ಬಿಟ್ಟು ಹೋಗುವ ಹಕ್ಕೇ ಅವರಿಗಿರಲಿಲ್ಲ. ಒಪ್ಪಂದ ಮುಗಿದ ಮೇಲೂ ಆಟಗಾರ ತಂಡದ ಸೊತ್ತಾಗಿಯೇ ಉಳಿಯುತ್ತಿದ್ದ. 1964ರಲ್ಲಿ ಬಾಸ್ಟನ್ನಿನಲ್ಲಿ ತಾರಾ ಆಟಗಾರರೆಲ್ಲ ಸೇರಿ, ನಿವೃತ್ತಿವೇತನದ ಭರವಸೆ ಸಿಗುವ ತನಕ ಅಂಕಣಕ್ಕೆ ಇಳಿಯೆವೆಂದು ಉಡುಪಿನ ಕೋಣೆಯಲ್ಲಿ ಕುಳಿತುಬಿಟ್ಟರು. 1970ರಲ್ಲಿ ಆಸ್ಕರ್ ರಾಬರ್ಟ್‌ಸನ್ ಹೂಡಿದ ದಾವೆ 1976ರಲ್ಲಿ ರಾಜಿಯಾಗಿ, ತಂಡ ಬದಲಿಸುವ ದಾರಿ ತೆರೆಯಿತು. ಬೇರೆ ದಾರಿಯಿಲ್ಲದವನ ನಿಷ್ಠೆಯನ್ನು ಗುಣವೆಂದು ಹೊಗಳುವುದು ಒಡೆಯನಿಗೆ ಒಪ್ಪಬಹುದು. ನಮ್ಮಂಥ ಸಂಬಳದವರಿಗೆ ಒಪ್ಪಬಾರದು.

ಇನ್ನು ಎಲ್ಲ ಜಗಳಗಳ ಮೂಲವಾದ ಮೂರಂಕದ ಗೆರೆಗೆ ಬರೋಣ. 1967ರಲ್ಲಿ ಎ.ಬಿ.ಎ. ಎಂಬ ಪ್ರತಿಸ್ಪರ್ಧಿ ಸಂಘ ಹುಟ್ಟಿತು. ಕೆಂಪು, ಬಿಳಿ, ನೀಲಿ ಬಣ್ಣದ ಚೆಂಡು, ದೂರದ ಗೆರೆಯಾಚೆಯಿಂದ ಎಸೆದರೆ ಎರಡರ ಬದಲು ಮೂರು ಅಂಕ ಎಂಬ ಆಮಿಷ – ಇವುಗಳನ್ನು ಕಂಡು ಹಿರಿಯರು ಸರ್ಕಸ್ಸೆಂದು ನಕ್ಕರು. 1976ರಲ್ಲಿ ಆ ಸಂಘ ಮುಚ್ಚಿ ಅದರ ನಾಲ್ಕು ತಂಡಗಳು ಎನ್.ಬಿ.ಎ. ಸೇರಿದವು. ಗೆರೆಯೂ 1979ರಲ್ಲಿ ಹಿಂದೆಯೇ ಬಂತು. ಮೊದಲ ವರ್ಷ ಒಂದು ತಂಡ ಒಂದು ಪಂದ್ಯದಲ್ಲಿ ಸರಾಸರಿ ಮೂರು ಬಾರಿಯೂ ಅಲ್ಲಿಂದ ಎಸೆಯಲಿಲ್ಲ. ತನ್ನ ಕೊಕ್ಕೆಯಾಕಾರದ ಎಸೆತದಿಂದ 38,387 ಅಂಕ ಪೇರಿಸಿದ ಕರೀಮ್ ಅಬ್ದುಲ್ ಜಬ್ಬಾರ್ ಇಪ್ಪತ್ತು ವರ್ಷಗಳ ಆಟದಲ್ಲಿ ಗೆರೆಯಾಚೆಯಿಂದ ಬುಟ್ಟಿಗೆ ಹಾಕಿದ್ದು ಒಂದೇ ಒಂದು ಸಲ! ಆರಡಿ ಎರಡಂಗುಲದ ಸ್ಟೀಫನ್ ಕರಿ 2025ರ ಮಾರ್ಚಿನಲ್ಲಿ ನಾಲ್ಕು ಸಾವಿರದ ಗಡಿ ದಾಟಿದ. ಈ ಎರಡು ಅಂಕಿಗಳ ನಡುವೆ ಆಟದ ಅರ್ಧ ಶತಮಾನದ ಚರಿತ್ರೆ ಅಡಗಿದೆ.

ಬದಲಾವಣೆಗೆ ಕಾರಣ ಒಂದು ಗಣಿತ. ಎರಡಂಕದ ಎಸೆತಗಳಲ್ಲಿ ಅರ್ಧ ಬೀಳುವುದೂ ಮೂರಂಕದವುಗಳಲ್ಲಿ ಮೂರರಲ್ಲೊಂದು ಬೀಳುವುದೂ ಗಳಿಕೆಯಲ್ಲಿ ಸಮ. ಇದನ್ನು ಮನಗಾಣಲು ತಂಡಗಳಿಗೆ ಮೂರು ದಶಕ ಬೇಕಾದವು; ಮನಗಂಡ ಮೇಲೆ ತಡೆ ಇರಲಿಲ್ಲ. 2024–25ರ ಸಾಲಿನಲ್ಲಿ ಒಂದು ತಂಡ ಪಂದ್ಯಕ್ಕೆ ಸರಾಸರಿ 37ಕ್ಕೂ ಹೆಚ್ಚು ಬಾರಿ ಗೆರೆಯಾಚೆಯಿಂದ ಎಸೆಯಿತು. ಬುಟ್ಟಿಯ ಬುಡ, ಇಲ್ಲವೆ ಗೆರೆಯ ಆಚೆ. ನಡುವಣ ನೆಲ ಬಹುಮಟ್ಟಿಗೆ ಬರಿದಾಯಿತು.

ನನ್ನ ನೋವು ಇರುವುದು ಅಲ್ಲಿ. 1998ರ ಜೂನ್ 15ರ ಬೆಳಗ್ಗೆ, ಅಮೆರಿಕದಲ್ಲಿ ಇನ್ನೂ 14ರ ರಾತ್ರಿ, ಮೈಕೆಲ್ ಜೋರ್ಡನ್ ಐದು ಸೆಕೆಂಡು ಉಳಿದಿರುವಾಗ ಆ ನಡುನೆಲದಿಂದಲೇ ಎಸೆದು ಶಿಕಾಗೋ ತಂಡಕ್ಕೆ ಆರನೆಯ ಪ್ರಶಸ್ತಿ ತಂದುಕೊಟ್ಟದ್ದನ್ನು ನಾನು ಕಂಡೆ. ಕೈಯಲ್ಲಿದ್ದ ಕಾಫಿ ಆರಿಹೋಗಿತ್ತು. ಅಂಥ ಎಸೆತ ಇಂದು ದಂಡದ ಬಾಬತ್ತು. ಗಣಿತದ ಭಕ್ತಿ ಎಲ್ಲಿಗೆ ಮುಟ್ಟಬಹುದೆಂಬುದನ್ನು 2018ರ ಮೇ ತಿಂಗಳಲ್ಲಿ ಹ್ಯೂಸ್ಟನ್ ತಂಡ ತೋರಿಸಿತು. ಅಂತಿಮ ಸರಣಿಗೆ ಏರಿಸಬಹುದಾಗಿದ್ದ ನಿರ್ಣಾಯಕ ಪಂದ್ಯದಲ್ಲಿ ಅದು ಮೂರಂಕದ ಇಪ್ಪತ್ತೇಳು ಎಸೆತಗಳನ್ನು ಒಂದರ ಮೇಲೊಂದರಂತೆ ಕಳೆದುಕೊಂಡು ಸೋತಿತು. ಎಸೆತ ತಪ್ಪುತ್ತಿದ್ದರೂ ದಾರಿ ಬದಲಿಸಲಿಲ್ಲ. ಎಸೆಯುವುದೇ ನನಗೆ ಬೇಸರವಲ್ಲ. ಎಲ್ಲ ತಂಡಗಳೂ ಒಂದೇ ಹಾಡನ್ನು ಹಾಡಹೊರಟಿರುವುದು ಬೇಸರ.

ಇಷ್ಟು ಗೊಣಗಿದ ಮೇಲೆ ನನ್ನ ವೃತ್ತಿಯ ಒಂದು ನೆನಪು ನನ್ನನ್ನು ತಡೆಯುತ್ತದೆ. ಎಂಬತ್ತರ ದಶಕದಲ್ಲಿ ನಾನು ಹೊಸದಾಗಿ ಪಾಠ ಹೇಳುತ್ತಿದ್ದಾಗ, ಹಿರಿಯ ಸಹೋದ್ಯೋಗಿಯೊಬ್ಬರು ನವ್ಯ ಕವಿತೆಯ ಪುಸ್ತಕವನ್ನು ಮೇಜಿನ ಮೇಲಿಟ್ಟು, “ಪ್ರಾಸ ಹೋಯಿತು, ಛಂದಸ್ಸು ಹೋಯಿತು, ಇನ್ನು ಇದರಲ್ಲಿ ಉಳಿದದ್ದೇನಪ್ಪ?” ಎಂದು ಕೇಳಿದ್ದರು. ಗೋವಿಂದ ಪೈಗಳು ಆದಿಪ್ರಾಸವನ್ನು ಬಿಟ್ಟಾಗಲೂ ಕಾವ್ಯ ಸಾಯಲಿಲ್ಲ ಸಾರ್, ಕಟ್ಟು ಒಂದು ಕಡೆ ಸಡಿಲಿದರೆ ಇನ್ನೊಂದು ಕಡೆ ಬಿಗಿಯುತ್ತದೆ ಎಂದು ನಾನು ವಾದಿಸಿದ್ದೆ. ಅವರು ಒಪ್ಪಲಿಲ್ಲ, ನಕ್ಕು ಚಹಾ ತರಿಸಿದರು. ಇಂದು ಬ್ಯಾಸ್ಕೆಟ್‌ಬಾಲಿನ ಮುಂದೆ ನಾನು ಕುಳಿತಿರುವುದು ಅವರ ಕುರ್ಚಿಯಲ್ಲಿ. ನನ್ನ ವಾದ ಅಂದು ಸರಿಯಾಗಿದ್ದರೆ ಇಂದೂ ಸರಿಯಾಗಿರಬೇಕು.

ಸಾಕ್ಷಿಯೂ ದೊರೆಯುತ್ತದೆ. ಸರ್ಬಿಯದ ನಿಕೋಲ ಯೋಕಿಚ್ ಎಂಬ ತರುಣನನ್ನು 2014ರಲ್ಲಿ ಡೆನ್ವರ್ ತಂಡ ನಲವತ್ತೊಂದನೆಯವನಾಗಿ ಆರಿಸಿಕೊಂಡಿತು. ಆ ಗಳಿಗೆಯಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ತಿಂಡಿಯ ಜಾಹೀರಾತು ನಡೆಯುತ್ತಿತ್ತು. ವೇಗವಾಗಿ ಓಡದ, ಎತ್ತರಕ್ಕೆ ನೆಗೆಯದ ಆ ಮನುಷ್ಯ 2021, 2022, 2024ರಲ್ಲಿ ವರ್ಷದ ಶ್ರೇಷ್ಠ ಆಟಗಾರನೆನಿಸಿದ; 2023ರಲ್ಲಿ ಡೆನ್ವರಿಗೆ ಮೊದಲ ಪ್ರಶಸ್ತಿ ತಂದ. ಬೆನ್ನ ಹಿಂದಿನವನನ್ನೂ ಕಂಡವನಂತೆ ಚೆಂಡು ದಾಟಿಸುವ, ಬರಿದಾದ ಆ ನಡುನೆಲದಲ್ಲೇ ನಿಂತು ಎಸೆಯುವ ಅವನ ಆಟದಲ್ಲಿ ನಾನು ಕಳೆದುಕೊಂಡೆನೆಂದದ್ದು ಮತ್ತೆ ಸಿಕ್ಕಿತು. ಸುತ್ತಲಿನವರು ಗೆರೆಯ ಬಳಿ ಹರಡಿ ನಿಂತುದರಿಂದಲೇ ಅವನಿಗೆ ಆ ಜಾಗ ತೆರವಾಗಿರುವುದು.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ನಾನು ಹಳಿಯುತ್ತ ಬಂದ ಆ ಗೆರೆ ನನ್ನ ಕಾಲೇಜಿನ ಮಣ್ಣಿನ ಅಂಕಣದ ಮೇಲೆ ಇರಲಿಲ್ಲ. ದೂರದಿಂದ ಎಸೆಯಲು ನನಗೆ ಅಷ್ಟಿಷ್ಟು ಬರುತ್ತಿತ್ತು. ಎತ್ತರದವರ ನಡುವೆ ಆ ವಿದ್ಯೆಗೆ ಬೆಲೆ ಇರಲಿಲ್ಲ. ಇಂದು ಸಂಜೆಯ ವಿಹಾರಕ್ಕೆ ಹೋದಾಗ ಬಡಾವಣೆಯ ಆಟದ ಬಯಲಿನಲ್ಲಿ ಕುಳ್ಳ ಹುಡುಗನೊಬ್ಬ, ತನಗಿಂತ ಒಂದು ಮೊಳ ಎತ್ತರದವರಿಂದ ದೂರ ಸರಿದು, ಗೆರೆಯ ಹಿಂದೆ ನಿಂತು ಚೆಂಡೆಸೆಯುವುದನ್ನು ಕಾಣುತ್ತೇನೆ. ಹತ್ತಡಿಯ ಬುಟ್ಟಿ ಅವನಿಗೂ ಹತ್ತಡಿಯೆ. ಬಿದ್ದರೆ ಮೂರು. ಆಟ ಕೆಟ್ಟಿತೆಂದು ಅವನಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.