ಹಂಸಲದೀವಿಯ ಮನೆಗಳು

ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹಳೆಯ ಹುಣಿಸೆಮರವನ್ನು ಈ ನಗರದ ಭಕ್ತರಲ್ಲಿ ಬಹುಮಂದಿ ಬಲ್ಲರು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದಾಗ ಸುಮಾರು 150 ಜನರು ಅದರ ಕೊಂಬೆಗಳನ್ನೇರಿ ಬದುಕುಳಿದರು. ಮರುವರ್ಷ ನಿಜಾಮ ಸರ್ಕಾರದ ಕರೆಗೆ ಓಗೊಟ್ಟು ಬಂದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ನಗರವನ್ನು ಕಾಯುವ ಉಸ್ಮಾನ್ ಸಾಗರವು 1920ರಲ್ಲಿ ಸಿದ್ಧವಾಯಿತು. ಕನ್ನಡನಾಡಿನವರೊಬ್ಬರು ತೆಲುಗು ನೆಲಕ್ಕೆ ನೆರವಾದ ಈ ವೃತ್ತಾಂತ ಪ್ರಸಿದ್ಧವೇ ಆಗಿದೆ. ಸುಮಾರು ಏಳು ದಶಕಗಳ ಬಳಿಕ ನಡೆದ ಇನ್ನೊಂದು ಮಾತ್ರ ಅಷ್ಟಾಗಿ ಸ್ಮರಣೆಗೆ ಬರುವುದಿಲ್ಲ.

1977ರ ನವೆಂಬರ್ 19ರಂದು ಚಂಡಮಾರುತವು ಕೃಷ್ಣಾ ನದಿಯ ಮುಖಜಭೂಮಿಯಾದ ದಿವಿಸೀಮೆಯ ಮೇಲೆರಗಿತು. ಸುಮಾರು 5 ಮೀಟರ್ ಎತ್ತರದ ಕಡಲಿನ ಅಲೆ ಒಳನಾಡಿಗೆ ಹಲವಾರು ಕಿಲೋಮೀಟರ್ ನುಗ್ಗಿತು. ಸರ್ಕಾರದ ಲೆಕ್ಕದಲ್ಲೇ ಸತ್ತವರು ಹತ್ತು ಸಾವಿರದಷ್ಟು. ಮಣ್ಣಿನ ಗೋಡೆ, ತಾಳೆಗರಿಯ ಮಾಡಿನ ಗುಡಿಸಲುಗಳು ಗುರುತೂ ಉಳಿಯದಂತೆ ಕೊಚ್ಚಿಹೋದವು. ಗದ್ದೆಗಳಲ್ಲಿ ಉಪ್ಪುನೀರು ನಿಂತಿತು. ನೆರವಿಗೆ ಬಂದವರಿಗೆ ಮೊದಲು ಎದುರಾದದ್ದು ಮನೆ ಕಟ್ಟುವ ಕೆಲಸವಲ್ಲ, ಶವಸಂಸ್ಕಾರ. ಎನ್.ಟಿ. ರಾಮರಾಯರು, ಅಕ್ಕಿನೇನಿ ನಾಗೇಶ್ವರರಾಯರು ಜನರ ನಡುವೆ ಸಂಚರಿಸಿ ನಿಧಿ ಸಂಗ್ರಹಿಸಿದರು. ಸ್ವಯಂಸೇವಕರು ಮತ್ತೆ ಕಟ್ಟಿದ ಮೂಲಪಾಲೆಂ ಗ್ರಾಮ ದೀನದಯಾಳಪುರವೆಂಬ ಹೊಸ ಹೆಸರನ್ನೇ ಪಡೆಯಿತು.

ಆ ದಿನಗಳಲ್ಲಿ ಉಡುಪಿಯ ಶ್ರೀ ಪೇಜಾವರ ಮಠಾಧೀಶರಾದ ಶ್ರೀ ವಿಶ್ವೇಶತೀರ್ಥ ಶ್ರೀಪಾದಂಗಳವರು ದಿವಿಸೀಮೆಯ ಹಂಸಲದೀವಿಗೆ ದಯಮಾಡಿಸಿ, ಪರಿಹಾರ ಕೇಂದ್ರವನ್ನು ತೆರೆದು, ನಿರಾಶ್ರಿತರಿಗೆ ಮನೆಗಳನ್ನು ಕಟ್ಟಿಸಿಕೊಟ್ಟರು. ಆಗ ಅವರಿಗೆ 46 ವರ್ಷ. ಏಳನೆಯ ವಯಸ್ಸಿನಲ್ಲೇ ಮನೆಯನ್ನು ತೊರೆದು ಸಂನ್ಯಾಸ ಸ್ವೀಕರಿಸಿದ ಯತಿಗಳು ಗೃಹಸ್ಥರಿಗಾಗಿ ಮನೆ ಕಟ್ಟಿಸುವುದೇಕೆಂದು ಸಂದೇಹಪಡುವವರು ಇಂದಿಗೂ ಇದ್ದಾರು. ಆದರೆ ಜನಸೇವೆಯು ಜಗದೊಡೆಯನಿಗೆ ಸಲ್ಲಿಸಲೇಬೇಕಾದ ಕಂದಾಯವೆಂಬ ಭಾವವನ್ನು ಶ್ರೀಮದಾಚಾರ್ಯರೇ ಗೀತೆಯ ವ್ಯಾಖ್ಯಾನದಲ್ಲಿ ತಿಳಿಸಿದ್ದಾರೆ; ಶ್ರೀಪಾದರು ತಮ್ಮ ಉಪನ್ಯಾಸಗಳಲ್ಲಿ ಅದನ್ನು ಮತ್ತೆಮತ್ತೆ ನೆನಪಿಸುತ್ತಿದ್ದರು. ಕಂದಾಯವೆಂದ ಮೇಲೆ ಕೊಡುವವನಿಗೆ ದಾನಿಯೆಂಬ ಹಿರಿಮೆ ಎಲ್ಲಿಯದು?

ಹಂಸಲದೀವಿಯು ವೇಣುಗೋಪಾಲಸ್ವಾಮಿಯ ಸನ್ನಿಧಿ. ಕೃಷ್ಣೆ ಸಾಗರವನ್ನು ಸೇರುವ ಸ್ಥಳ. ಮಂತ್ರಾಲಯದಲ್ಲಿ ರಾಯರ ಬೃಂದಾವನದ ಬಳಿ ಹರಿಯುವ ತುಂಗಭದ್ರೆಯೂ ಸಂಗಮೇಶ್ವರದಲ್ಲಿ ಕೃಷ್ಣೆಯನ್ನು ಕೂಡಿ ಇಲ್ಲಿಗೇ ಬರುತ್ತಾಳೆ. ಈ ಕರಾವಳಿಯೊಂದಿಗೆ ಮಾಧ್ವ ಪರಂಪರೆಗಿರುವ ನಂಟು ಹೊಸತೂ ಅಲ್ಲ. ಇನ್ನೂ ಉತ್ತರಕ್ಕಿರುವ ಶ್ರೀಕೂರ್ಮದ 1281ರ ಶಾಸನವು ಶ್ರೀ ನರಹರಿತೀರ್ಥರು ಅಲ್ಲಿ ಯೋಗಾನಂದ ನರಸಿಂಹನ ಗುಡಿಯನ್ನು ಕಟ್ಟಿಸಿದ್ದನ್ನೂ, ಶಬರರ ದಾಳಿಯಿಂದ ಕ್ಷೇತ್ರವನ್ನು ರಕ್ಷಿಸಿದ್ದನ್ನೂ ಹೇಳುತ್ತದೆ.

ದಿವಿಸೀಮೆಯ ದುರಂತದ ಬಳಿಕ ಕರಾವಳಿಯಲ್ಲಿ ಗಟ್ಟಿ ಮನೆಗಳೊಂದಿಗೆ ಚಂಡಮಾರುತದ ಆಶ್ರಯಧಾಮಗಳೂ ಎದ್ದವು. ಮುನ್ನೆಚ್ಚರಿಕೆಯ ವ್ಯವಸ್ಥೆಯೂ ಸುಧಾರಿಸಿತು. 1990ರ ಮೇ ತಿಂಗಳಲ್ಲಿ ಮತ್ತೊಂದು ಭೀಕರ ಚಂಡಮಾರುತ ಇದೇ ಕೃಷ್ಣಾ ತೀರಕ್ಕೆ ಅಪ್ಪಳಿಸಿತು. ಜನರನ್ನು ಮೊದಲೇ ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಗಿತ್ತು. ಆ ಸಲದ ಸಾವಿನ ಸಂಖ್ಯೆ ಸಾವಿರದೊಳಗೇ ನಿಂತಿತು.